ಪಿಕಪ್‌ಗೆ ಹೊಸ ಎಕ್ಸಾಸ್ಟ್: ಬೀದಿಗೆ ಕೇಳೋ ಸದ್ದು ಬೇರೆ, ಒಳಗೆ ಕೂತವರಿಗೆ ಕೇಳೋ ಸದ್ದು ಬೇರೆ

ಹೊಸ ಸೈಲೆನ್ಸರ್ ಹಾಕಿಸಿದ ದಿನ ನಾನು ಕೀ ತಿರುಗಿಸಿದ್ದು ಇಪ್ಪತ್ತು ಸಲ ಇರಬೇಕು. ಸ್ಟಾರ್ಟ್ ಮಾಡೋದು, ಇಳಿದು ಹಿಂದೆ ಹೋಗಿ ಕೇಳೋದು, ಆಫ್ ಮಾಡೋದು, ಮತ್ತೆ ಸ್ಟಾರ್ಟ್ ಮಾಡೋದು. ಅಕ್ಕಪಕ್ಕದವರು ಏನಂದುಕೊಂಡರೋ, ನನಗಂತೂ ಹಬ್ಬ. ನಾಲ್ಕನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಐದು ಗಂಟೆಯ ದಾರಿ ಹೊರಟೆ. ಹೆದ್ದಾರಿಗೆ ಬಂದ ಮೇಲೆ ಗಾಡಿ ಒಂದೇ ವೇಗ ಹಿಡಿಯಿತು. ಮುಳ್ಳು 1,900 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಹತ್ತಿರ ನಿಂತಿತು. ಅಲ್ಲಿಂದ ಶುರುವಾಯಿತು ನೋಡಿ, ಗುಂಯ್ ಅಂತ ಒಂದೇ ಸಮ. ಹಾಡು ಕೇಳಿಸದು, ಮಾತು ಕೇಳಿಸದು. ಹಿಂದಿನ ಸೀಟಿನಲ್ಲಿದ್ದ ಮಗ, "ಅಪ್ಪಾ, ತಲೆ ಒಳಗೆ ಜೇನು ಕಟ್ಟಿದ ಹಾಗಿದೆ" ಅಂದ. ಹೆಂಡತಿ ಏನೂ ಅನ್ನಲಿಲ್ಲ. ಬ್ಯಾಗಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ಇಟ್ಟುಕೊಂಡಳು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಆ ಸೈಲೆನ್ಸರ್ ಕೆಟ್ಟದ್ದಲ್ಲ. ನಾನು ಅದನ್ನು ಆರಿಸಿದ ರೀತಿ ಕೆಟ್ಟದ್ದು. ಗಾಡಿ ಸ್ಟಾರ್ಟ್ ಮಾಡೋ ವಿಡಿಯೊಗಳನ್ನು ನೋಡಿ ನೋಡಿ ಆರಿಸಿದ್ದೆ. ಸ್ಟಾರ್ಟ್ ಆಗೋದು ದಿನಕ್ಕೆ ನಾಲ್ಕು ಸಲ, ಸಲಕ್ಕೆ ಎರಡು ಸೆಕೆಂಡು. ಉಳಿದ ಹೊತ್ತೆಲ್ಲ ನಾವು ಕಿಟಕಿ ಏರಿಸಿಕೊಂಡು ಒಳಗೆ ಕೂತಿರುತ್ತೇವೆ, ಹೆಚ್ಚುಕಡಿಮೆ ಒಂದೇ ಆರ್‌ಪಿಎಂನಲ್ಲಿ. ಹಾಗಾಗಿ ಈಗ ನಾನು ಯಾವ ಎಕ್ಸಾಸ್ಟ್ ನೋಡಿದರೂ ಮೊದಲು ಕೇಳೋದು ಒಂದೇ ಪ್ರಶ್ನೆ. ನಾನು ದಿನಾ ಓಡಿಸೋ ವೇಗದಲ್ಲಿ, ಕಿಟಕಿ ಮುಚ್ಚಿದಾಗ, ಇದು ಒಳಗೆ ಹೇಗೆ ಕೇಳುತ್ತದೆ? ಲೋಹ, ಪೈಪಿನ ಅಳತೆ, ಪವರ್, ಟಿಪ್‌ನ, ಅಂದರೆ ಪೈಪಿನ ಬಾಯಿಯ ಅಂದ ಎಲ್ಲ ಆಮೇಲೆ.

ಎಲ್ಲಿಂದ ಬದಲಿಸಬೇಕು?

ಹೊಗೆ ಹೋಗೋ ದಾರಿಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಎಂಜಿನ್‌ಗೆ ಅಂಟಿಕೊಂಡ ಮ್ಯಾನಿಫೋಲ್ಡ್, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬೋ ಚಕ್ರ) ಇದ್ದರೆ ಅದು, ಆಮೇಲೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್, ನಡುವಿನ ಪೈಪು, ಸೈಲೆನ್ಸರ್, ಹಿಂದಿನ ಆಕ್ಸಲ್ ಮೇಲೆ ಹತ್ತಿ ಇಳಿಯೋ ಪೈಪು, ಕೊನೆಗೆ ಟಿಪ್. ಕಿಟ್‌ಗಳ ಹೆಸರೆಲ್ಲ ಈ ದಾರಿಯಲ್ಲಿ ಎಲ್ಲಿಂದ ಹಿಂದಕ್ಕೆ ಬದಲಾಗುತ್ತದೆ ಅನ್ನೋದರಿಂದಲೇ ಬಂದವು.

ಆಕ್ಸಲ್-ಬ್ಯಾಕ್ ಅಂದರೆ ಆಕ್ಸಲ್‌ನಿಂದ ಹಿಂದಿನದು ಮಾತ್ರ. ಕಾರುಗಳಲ್ಲಿ ಸೈಲೆನ್ಸರ್ ಬಂಪರ್ ಹತ್ತಿರ ಇರೋದರಿಂದ ಆಕ್ಸಲ್-ಬ್ಯಾಕ್ ಹಾಕಿದರೆ ಸದ್ದು ಬದಲಾಗುತ್ತದೆ. ಆದರೆ ಹೆಚ್ಚಿನ ಪಿಕಪ್‌ಗಳಲ್ಲಿ ಸೈಲೆನ್ಸರ್ ಆಕ್ಸಲ್‌ಗಿಂತ ಮುಂದೆ, ಕ್ಯಾಬಿನ್ ಮತ್ತು ಲೋಡ್ ಬಾಡಿಯ ಕೆಳಗೆ ಎಲ್ಲೋ ಇರುತ್ತದೆ. ಅಂಥ ಗಾಡಿಗೆ ಆಕ್ಸಲ್-ಬ್ಯಾಕ್ ಹಾಕಿದರೆ ಬದಲಾಗೋದು ಬಾಲದ ಪೈಪು, ಟಿಪ್ ಅಷ್ಟೇ. ನೋಡೋಕೆ ಚೆಂದ, ಕಿವಿಗೆ ಹೆಚ್ಚೇನೂ ಗೊತ್ತಾಗದು. ಕೊಳ್ಳೋ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಇದನ್ನು ನೋಡದೆ ತರಿಸಿ, ಆಮೇಲೆ ತಲೆ ಚಚ್ಚಿಕೊಂಡವರು ಬೇಕಾದಷ್ಟು ಜನ.

ಕ್ಯಾಟ್-ಬ್ಯಾಕ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಹಿಂದಿನ ಎಲ್ಲವೂ. ಹೆಚ್ಚಿನವರಿಗೆ ನನ್ನ ಉತ್ತರ ಇದೇ. ಸದ್ದು ಪೂರ್ತಿ ಬದಲಾಗುತ್ತದೆ. ಹೊಗೆ ಶುದ್ಧ ಮಾಡೋ ಭಾಗಕ್ಕೆ ಕೈ ಹಾಕೋದಿಲ್ಲ. ಆಕ್ಸಿಜನ್ ಸೆನ್ಸರ್‌ಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತೋ ಗೋಜಿಲ್ಲ.

ಇದಕ್ಕೂ ಮುಂದೆ ಹೋದರೆ ಹೆಡರ್ಸ್ (ಮ್ಯಾನಿಫೋಲ್ಡ್ ಜಾಗಕ್ಕೆ ಬರೋ ಪೈಪುಗಳು), ಟರ್ಬೊ-ಬ್ಯಾಕ್ (ಟರ್ಬೊದಿಂದ ಹಿಂದಿನ ಎಲ್ಲವೂ). ನಿಜವಾದ ಪವರ್ ಸಿಗೋದು ಅಲ್ಲೇ, ಆದರೆ ಇಸಿಯು, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರಿನ ಟ್ಯೂನಿಂಗ್ ಇಲ್ಲದೆ ಅದು ಪೂರ್ತಿ ಕೈಗೆ ಬರದು. ಕನ್ವರ್ಟರ್ ತೆಗೆಯೋ ಕಿಟ್‌ಗಳಂತೂ ಬಹುತೇಕ ದೇಶಗಳಲ್ಲಿ ರಸ್ತೆ ಮೇಲೆ ಕಾನೂನಿಗೆ ವಿರುದ್ಧ. "ಆಫ್-ರೋಡ್ ಬಳಕೆಗೆ ಮಾತ್ರ" ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದನ್ನು ಸುಮ್ನೆ ಬರೆದಿದ್ದಲ್ಲ. ಸಾಮಾನು ಮಾರೋ ಕಂಪನಿ ತನ್ನ ಕೈ ತೊಳೆದುಕೊಂಡಿದೆ ಅಂತ ಅರ್ಥ.

ಸೈಲೆನ್ಸರ್ ಒಳಗೆ ಏನಿದೆ

ಆಯ್ಕೆ ನಿಜವಾಗಿ ಆಗೋದು ಇಲ್ಲಿ. ಹೊರಗಿಂದ ಎಲ್ಲ ಡಬ್ಬಗಳೂ ಒಂದೇ ಥರ ಕಾಣುತ್ತವೆ. ಸೀಳಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಒಂದು ಬಗೆ ಕೋಣೆಗಳದ್ದು. ಒಳಗೆ ತಗಡಿನ ಗೋಡೆಗಳಿರುತ್ತವೆ. ಸದ್ದಿನ ಅಲೆ ಗೋಡೆಗೆ ಬಡಿದು ವಾಪಸು ಬಂದು, ಎದುರಿನಿಂದ ಬರೋ ಅಲೆಯನ್ನು ಅಷ್ಟಿಷ್ಟು ಅಳಿಸುತ್ತದೆ. ಫ್ಲೋಮಾಸ್ಟರ್ ಕಂಪನಿ ಹೆಸರು ಮಾಡಿದ್ದು ಇದರಲ್ಲೇ. ಹತ್ತಿ, ನಾರು ಅಂತ ಒಳಗೆ ಸುಟ್ಟುಹೋಗೋ ವಸ್ತು ಏನೂ ಇಲ್ಲ. ಹಾಗಾಗಿ ತುಕ್ಕು ತಿನ್ನೋವರೆಗೆ ಸದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ದನಿ ಒರಟು, ಗಡಸು, ಎಂಟು ಸಿಲಿಂಡರಿನ ಹಳೆಯ ವಿ8 ಗಾಡಿಗಳ ಥರ. ನನಗೆ ಮೋಹ ಹತ್ತಿಸಿದ್ದು ಇದೇ ದನಿ. ಚಿಕ್ಕ ಡಬ್ಬ, ಕಡಿಮೆ ಕೋಣೆ ಇರೋದು ಕೊಂಡರೆ ಒಳಗೆ ಗುಂಯ್‌ಗುಡೋ ಸಾಧ್ಯತೆಯೂ ಜಾಸ್ತಿ.

ಇನ್ನೊಂದು ನೇರ ಪೈಪಿನದ್ದು. ಈ ಕಡೆಯಿಂದ ಟಾರ್ಚ್ ಬಿಟ್ಟರೆ ಆ ಕಡೆ ಬೆಳಕು ಕಾಣುತ್ತದೆ. ನಡುವೆ ಇರೋದು ಜರಡಿಯಂತೆ ತೂತು ಮಾಡಿದ ಪೈಪು. ಅದರ ಸುತ್ತ ಗಾಜಿನ ನಾರು, ಬಸಾಲ್ಟ್ ನಾರು ಅಥವಾ ಸ್ಟೀಲಿನ ಉಣ್ಣೆ ತುಂಬಿರುತ್ತದೆ. ಮ್ಯಾಗ್ನಾಫ್ಲೋ, ಬೋರ್ಲಾ ಕಂಪನಿಗಳು ಹೆಚ್ಚಾಗಿ ಈ ದಾರಿಯವು. ಹೊಗೆಗೆ ಅಡ್ಡಿ ಕಡಿಮೆ, ದನಿ ನಯ. ಒಂದು ಮಾತು ನೆನಪಿಡಿ. ಈ ನಾರು ಕೀಚಲು ಸದ್ದನ್ನು ಚೆನ್ನಾಗಿ ನುಂಗುತ್ತದೆ, ತಗ್ಗಿನ ಗುಡುಗನ್ನು ಅಷ್ಟಾಗಿ ನುಂಗದು. ಅದನ್ನು ನುಂಗಬೇಕಾದರೆ ಡಬ್ಬ ಉದ್ದವಾಗಿರಬೇಕು, ದಪ್ಪಗಿರಬೇಕು. ವರ್ಷಗಳು ಕಳೆದಂತೆ ನಾರು ಸುಟ್ಟು, ಚೂರಾಗಿ ಹಾರಿಹೋಗುತ್ತದೆ. ಕಡಿಮೆ ದರ್ಜೆಯ ನಾರಾದರೆ ಬೇಗನೇ. ಆಗ ಸದ್ದು ಮೆಲ್ಲಗೆ ಏರುತ್ತದೆ, ನಮಗೆ ಗೊತ್ತೇ ಆಗದ ಹಾಗೆ.

ಮೂರನೆಯದು ಎಸ್ ಆಕಾರದಲ್ಲಿ ಹೊಗೆಯನ್ನು ಹಿಂದೆ ಮುಂದೆ ತಿರುಗಿಸಿ ಕಳಿಸೋದು. ಇದಕ್ಕೆ ಟರ್ಬೊ ಸೈಲೆನ್ಸರ್ ಅನ್ನುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ, ಟರ್ಬೊ ಇರೋ ಎಂಜಿನ್ನಿಗೇ ಬೇಕು ಅಂತೇನಿಲ್ಲ. ಸದ್ದು ಗಾಡಿ ಜೊತೆ ಬಂದ ಕಂಪನಿ ಸೈಲೆನ್ಸರಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಯಾರೂ ಇದರ ವಿಡಿಯೊ ಮಾಡೋದಿಲ್ಲ. ಆದರೆ ದಿನಾ ಕೆಲಸಕ್ಕೆ ಓಡಾಡೋರಿಗೆ, ಫೋನಿನಲ್ಲಿ ಮಾತಾಡುತ್ತಾ ಹೋಗೋರಿಗೆ ನಾನು ಇದನ್ನೇ ಹೇಳೋದು.

ಇನ್ನು ಕೆಲವರು ಗುಂಯ್ ಸದ್ದಿನ ಮೇಲೆಯೇ ಕಣ್ಣಿಟ್ಟು ಮಾಡುತ್ತಾರೆ. ಕೋರ್ಸಾ ಕಂಪನಿ ಸೈಲೆನ್ಸರ್ ಒಳಗೇ ಕವಲು ದಾರಿಗಳನ್ನಿಟ್ಟು, ಬೇಡದ ಅಲೆಯನ್ನು ತಿರುಗಿಸಿ ಅದರ ಮೇಲೆಯೇ ಹಾಯಿಸಿ ಅಳಿಸುತ್ತದೆ. ಬೋರ್ಲಾದವರು ಟೂರಿಂಗ್, ಎಸ್-ಟೈಪ್, ಅಟ್ಯಾಕ್ ಅಂತ ಸದ್ದಿನ ಮೂರು ದರ್ಜೆ ಇಟ್ಟಿದ್ದಾರೆ. ಟೂರಿಂಗ್ ಮೆತ್ತಗೆ, ಅಟ್ಯಾಕ್ ಹೆಸರಿಗೆ ತಕ್ಕ ಹಾಗೆ. ಎರಡರ ನಡುವೆ ತೂಗಾಡುತ್ತಿದ್ದರೆ ಮೆತ್ತಗಿನದನ್ನೇ ತಗೊಳ್ಳಿ. ಜಾಸ್ತಿ ಸದ್ದು ಬೇಕು ಅಂತ ವಾಪಸು ಬಂದವರಿಗಿಂತ ಕಡಿಮೆ ಮಾಡಿಕೊಡಿ ಅಂತ ಬಂದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಪಿಕಪ್‌ನವರಿಗೆ ಕಾರಿನವರಿಗಿಲ್ಲದ ಒಂದು ಸೌಕರ್ಯ ಇದೆ. ಕೆಳಗೆ ಜಾಗ ಧಾರಾಳ. ಅದಕ್ಕೇ ನನ್ನ ಸಲಹೆ, ಯಾವ ಬಗೆಯಾದರೂ ಸರಿ, ಹಿಡಿಯೋವಷ್ಟು ಉದ್ದದ ಡಬ್ಬ ಹಾಕಿ. 14 ಇಂಚಿನದು, 24 ಇಂಚಿನದು ಎರಡೂ ಸಿಗುತ್ತದೆ ಅಂದರೆ 24 ಇಂಚಿನದು. ಸೈಲೆನ್ಸರನ್ನೇ ತೆಗೆದು ಬರೀ ಪೈಪು ಹಾಕೋ ವಿಚಾರ ಇದ್ದರೆ ಈ ಬರಹ ನಿಮಗಲ್ಲ.

ಗುಂಯ್ ಸದ್ದಿನ ಲೆಕ್ಕ

ಇಂಗ್ಲಿಷಿನವರು ಇದಕ್ಕೆ ಡ್ರೋನ್ ಅನ್ನುತ್ತಾರೆ. ಹಾರೋ ಡ್ರೋನ್ ಅಲ್ಲ, ಆದರೂ ಸದ್ದು ಹೆಚ್ಚುಕಡಿಮೆ ಹಾಗೇ. ಇದು ಯಾಕೆ ಬರುತ್ತದೆ ಅನ್ನೋದಕ್ಕೆ ಸಣ್ಣ ಲೆಕ್ಕ ಇದೆ, ಕೈಯಲ್ಲೇ ಮಾಡಬಹುದು.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ನನ್ನದು ಆರು ಸಿಲಿಂಡರಿನ ವಿ6 ಪೆಟ್ರೋಲ್. ಅಂದರೆ ಸುತ್ತಿಗೆ ಮೂರು ಸಿಡಿತ. 1,900 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 32 ಸುತ್ತು. ಮೂರರಿಂದ ಗುಣಿಸಿದರೆ ಸುಮಾರು 95 ಹರ್ಟ್ಜ್. ನಾಲ್ಕು ಸಿಲಿಂಡರಿನ ಗಾಡಿ 2,000ದಲ್ಲಿ ಓಡಿದರೆ ಸುಮಾರು 67. ವಿ8 1,800ರಲ್ಲಿ 120. ಕ್ಯಾಬಿನ್ ಅನ್ನೋದು ಮುಚ್ಚಿದ ಡಬ್ಬ. ಅದಕ್ಕೂ ತನ್ನದೇ ಒಂದು ದನಿ ಇರುತ್ತದೆ, ಖಾಲಿ ಬಿಂದಿಗೆಯ ಬಾಯಿಗೆ ಊದಿದರೆ ಬರುತ್ತದಲ್ಲ, ಹಾಗೆ. ಎಂಜಿನ್ನಿನ ಸಿಡಿತ ಆ ದನಿಗೆ ಹೊಂದಿಕೊಂಡ ಕಡೆ ಇಡೀ ಕ್ಯಾಬಿನ್ನೇ ತಂಬೂರಿ ಆಗುತ್ತದೆ.

ಕೆಲವು ವಿ8 ಎಂಜಿನ್‌ಗಳು ಇಂಧನ ಉಳಿಸೋಕೆ ಅರ್ಧ ಸಿಲಿಂಡರುಗಳನ್ನು ನಿಲ್ಲಿಸಿ ನಾಲ್ಕರಲ್ಲಿ ಓಡುತ್ತವೆ. ಆಗ 120 ಇದ್ದದ್ದು ಒಮ್ಮೆಲೇ 60ಕ್ಕೆ ಇಳಿಯುತ್ತದೆ. ಕಂಪನಿ ಸೈಲೆನ್ಸರ್ ಈ ತಗ್ಗು ಸದ್ದಿಗೂ ಲೆಕ್ಕ ಹಾಕಿ ಮಾಡಿರೋದು, ಕೆಲವದರಲ್ಲಿ ಅದಕ್ಕಂತಲೇ ವಾಲ್ವ್ ಇರುತ್ತದೆ. ಅದನ್ನು ಕಿತ್ತು ಯಾವುದೋ ಡಬ್ಬ ಹಾಕಿದರೆ ವಿ8 ದನಿಗೆ ಆಸೆಪಟ್ಟವರಿಗೆ ಟ್ರ್ಯಾಕ್ಟರ್ ದನಿ ಸಿಗುತ್ತದೆ. ನಿಮ್ಮ ಗಾಡಿಯಲ್ಲಿ ಈ ವ್ಯವಸ್ಥೆ ಇದ್ದರೆ, ಅದಕ್ಕೆ ಹೊಂದುತ್ತದೆ ಅಂತ ಸ್ಪಷ್ಟವಾಗಿ ಬರೆದ ಕಿಟ್ ಮಾತ್ರ ನೋಡಿ.

ಫೋನಿನ ಡೆಸಿಬೆಲ್ ಆ್ಯಪ್ ನಂಬಿ ಕೂರಬೇಡಿ. ಅಂಥ ಮೀಟರುಗಳು ಸಾಮಾನ್ಯವಾಗಿ ತೋರಿಸೋದು ಡಿಬಿ-ಎ ಅನ್ನೋ ಅಳತೆ. ಅದರಲ್ಲಿ ತಗ್ಗಿನ ಸದ್ದಿಗೆ ದೊಡ್ಡ ರಿಯಾಯಿತಿ ಇದೆ. 125 ಹರ್ಟ್ಜ್ ಸದ್ದಿನಲ್ಲಿ 16 ಡೆಸಿಬೆಲ್, 63 ಹರ್ಟ್ಜ್‌ನಲ್ಲಿ 26 ಡೆಸಿಬೆಲ್ ಕಳೆದು ತೋರಿಸುತ್ತದೆ. ನನ್ನ ಆ್ಯಪ್ ಆ ದಿನ "ಪರವಾಗಿಲ್ಲ" ಅನ್ನೋ ಅಂಕಿಯನ್ನೇ ತೋರಿಸುತ್ತಿತ್ತು. ತಲೆ ಮಾತ್ರ ಸಿಡಿಯುತ್ತಿತ್ತು. ಎರಡು ಕಿಟ್‌ಗಳ ಡೆಸಿಬೆಲ್ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸೋದರಿಂದಲೂ ಇದೇ ಕಾರಣಕ್ಕೆ ಹೆಚ್ಚು ಪ್ರಯೋಜನ ಇಲ್ಲ.

ಇದಕ್ಕೆ ಮದ್ದು ಎರಡು. ಒಂದು, ರೆಸೊನೇಟರ್. ಸೈಲೆನ್ಸರಿನ ಹಿಂದೆಯೋ ಮುಂದೆಯೋ ಕೂರೋ ಇನ್ನೊಂದು ಸಣ್ಣ ಡಬ್ಬ. ಕೀಚಲು, ಕರ್ಕಶ ಸದ್ದು ತಗ್ಗುತ್ತದೆ, ಗುಂಯ್ ಕೂಡ ಸ್ವಲ್ಪ ತಗ್ಗುತ್ತದೆ. ಇನ್ನೊಂದು ಜೆ-ಪೈಪು. ನಡುವಿನ ಪೈಪಿಗೆ ಪಕ್ಕದಲ್ಲಿ ಒಂದು ಕವಲು ಬೆಸೆದು ಅದರ ತುದಿ ಮುಚ್ಚಿಬಿಡೋದು. ಸದ್ದಿನ ಅಲೆ ಅದರೊಳಗೆ ಹೋಗಿ, ತುದಿಗೆ ಬಡಿದು, ಸರಿಯಾಗಿ ತಿರುಗಾಮುರುಗಾ ಆಗಿ ವಾಪಸು ಬರುತ್ತದೆ. ಏರೋ ಅಲೆಗೆ ಇಳಿಯೋ ಅಲೆ ಸಿಕ್ಕಿ ಎರಡೂ ಸತ್ತುಹೋಗುತ್ತವೆ. ಕವಲಿನ ಉದ್ದ ಆ ಅಲೆಯ ಕಾಲುಭಾಗ ಇರಬೇಕು. ಸುಮಾರು 300 ಡಿಗ್ರಿ ಬಿಸಿ ಇರೋ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 480 ಮೀಟರ್ ಓಡುತ್ತದೆ. ನನ್ನ 95 ಹರ್ಟ್ಜ್‌ಗೆ ಲೆಕ್ಕ ಹಾಕಿದರೆ ಸುಮಾರು ಒಂದೂಕಾಲು ಮೀಟರ್.

ನಾನು ಮಾಡಿಸಿದ್ದು ಇದನ್ನೇ. ವೆಲ್ಡಿಂಗ್ ಮಾಡೋರಿಗೆ ಲೆಕ್ಕ ಬರೆದುಕೊಟ್ಟೆ. ಅವರು ಚೀಟಿ ನೋಡಿ, ನನ್ನ ಮುಖ ನೋಡಿ, "ಎಲ್ಲಿಗೂ ಹೋಗದ ಪೈಪು ಹಾಕಬೇಕಾ ಸಾರ್?" ಅಂದರು. ಹೌದು, ಎಲ್ಲಿಗೂ ಹೋಗದ ಪೈಪೇ. ತುದಿಗೆ ಒಂದು ಜಾರೋ ಮುಚ್ಚಳ ಇಟ್ಟು ಕ್ಲಾಂಪ್ ಹಾಕಿದ್ದರು. ಓಡಿಸಿ ನೋಡೋದು, ಆರಿದ ಮೇಲೆ ಮುಚ್ಚಳ ನಾಲ್ಕು ಬೆರಳು ಒಳಗೆ ತಳ್ಳೋದು, ಮತ್ತೆ ಓಡಿಸೋದು. ಮೂರನೇ ಸಲಕ್ಕೆ ಸಿಕ್ಕಿತು. 1,900ರಲ್ಲಿ ಯಾರೋ ಬಾಗಿಲು ಮುಚ್ಚಿದ ಹಾಗೆ ಸದ್ದು ಇಳಿಯಿತು. ಲೋಡ್ ಹಾಕಿ ಏರು ಹತ್ತುವಾಗ 2,300ರ ಹತ್ತಿರ ಈಗಲೂ ಸ್ವಲ್ಪ ಗುಂಯ್‌ಗುಡುತ್ತದೆ. ಜೆ-ಪೈಪಿನ ಮಿತಿಯೇ ಅದು, ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೆಂಡತಿ ಹತ್ತಿಯನ್ನು ಬ್ಯಾಗಿನಲ್ಲೇ ಇಟ್ಟಿದ್ದಾಳೆ, ಹೊರಗೆ ತೆಗೆದಿಲ್ಲ.

ನೀವು ಇಷ್ಟು ಸುತ್ತಬೇಕಿಲ್ಲ. ಕೊಳ್ಳೋ ಮೊದಲು ಅದೇ ಕಿಟ್ ಹಾಕಿಸಿರೋ ಗಾಡಿ ಹುಡುಕಿ. ಅದೇ ಎಂಜಿನ್, ಅದೇ ಕ್ಯಾಬಿನ್ ಇರಬೇಕು. ಸಿಂಗಲ್ ಕ್ಯಾಬ್‌ನಲ್ಲಿ ಸುಮ್ಮನಿದ್ದದ್ದು ಡಬಲ್ ಕ್ಯಾಬ್‌ನಲ್ಲಿ ಕೂಗಬಹುದು. ಟರ್ಬೊ ತಾನೇ ಅರ್ಧ ಸೈಲೆನ್ಸರ್ ಕೆಲಸ ಮಾಡೋದರಿಂದ, ಟರ್ಬೊ ಗಾಡಿಯ ವಿಡಿಯೊ ನೋಡಿ ಟರ್ಬೊ ಇಲ್ಲದ ಗಾಡಿಗೆ ಕೊಂಡರೆ ಪಜೀತಿ. ಒಳಗೆ ಕೂತು ಕಿಟಕಿ ಏರಿಸಿ. ಟಾಪ್ ಗೇರಿನಲ್ಲಿ, ಸಣ್ಣ ಏರಿನಲ್ಲಿ, ಕಾಲು ಮೆತ್ತಗಿಟ್ಟು ಓಡಿಸೋಕೆ ಹೇಳಿ. ಗುಂಯ್ ಇದ್ದರೆ ಅಲ್ಲೇ ತಲೆ ಎತ್ತುತ್ತದೆ. ಖಾಲಿ ನಿಂತು ಆಕ್ಸಿಲರೇಟರ್ ತುಳಿದರೆ ಏನೂ ಗೊತ್ತಾಗದು.

ಪೈಪಿನ ಅಳತೆ, ಪವರಿನ ಕಥೆ

"ದಪ್ಪ ಪೈಪು ಹಾಕಿದರೆ ಪವರ್ ಜಾಸ್ತಿ" ಅನ್ನೋರು ಒಂದು ಕಡೆ. "ಸ್ವಲ್ಪ ಬ್ಯಾಕ್‌ಪ್ರೆಷರ್ (ಹೊಗೆಗೆ ಎದುರಾಗೋ ಒತ್ತಡ) ಇಲ್ಲದಿದ್ದರೆ ಟಾರ್ಕ್ (ಎಳೆಯೋ ಬಲ) ಸತ್ತುಹೋಗುತ್ತದೆ" ಅನ್ನೋರು ಇನ್ನೊಂದು ಕಡೆ. ಇಬ್ಬರೂ ಅರ್ಧ ಸತ್ಯ ಹೇಳುತ್ತಾರೆ. ಬ್ಯಾಕ್‌ಪ್ರೆಷರ್ ಯಾವ ಎಂಜಿನ್ನಿಗೂ ಬೇಡ. ಬೇಕಾಗಿರೋದು ಹೊಗೆಯ ವೇಗ. ವೇಗವಾಗಿ ಹೋಗೋ ಹೊಗೆ ತನ್ನ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ, ಸಿಲಿಂಡರ್ ಚೊಕ್ಕವಾಗಿ ಖಾಲಿಯಾಗುತ್ತದೆ. ಪೈಪು ತೀರಾ ದಪ್ಪವಾದರೆ ಈ ಎಳೆತ ಕಡಿಮೆ. ಟರ್ಬೊ ಇಲ್ಲದ ಗಾಡಿಯಲ್ಲಿ ಕೆಳಗಿನ ಆರ್‌ಪಿಎಂನಲ್ಲಿ, ಅದೂ ಲೋಡ್ ಹೊತ್ತಾಗ, ಅದು ಗೊತ್ತಾಗುತ್ತದೆ. ಟರ್ಬೊ ದಾಟಿದ ಮೇಲಿನ ಪೈಪು ಮಾತ್ರ ಎಷ್ಟು ಸಲೀಸಿದ್ದರೂ ಒಳ್ಳೆಯದೇ.

2.5 ಇಂಚಿನಿಂದ 3 ಇಂಚಿಗೆ ಹೋಗೋದು ಅರ್ಧ ಇಂಚಿನ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಆದರೆ ಹೊಗೆ ಹೋಗೋ ಜಾಗ ಶೇ 44ರಷ್ಟು ಹೆಚ್ಚುತ್ತದೆ. ಟರ್ಬೊ ಇಲ್ಲದ ವಿ6ಗೆ 2.5 ಇಂಚು ಸಾಕು. ವಿ8ಗೆ ಒಂಟಿ ಪೈಪಾದರೆ 3 ಇಂಚು. ಹಿಂದೆ ಎರಡಾಗಿ ಕವಲೊಡೆಯೋ ಕಿಟ್‌ಗಳಲ್ಲಿ ಒಂದೊಂದು 2.25 ಇಂಚು ಇದ್ದರೂ ಎರಡೂ ಸೇರಿ 3 ಇಂಚಿನ ಪೈಪಿಗಿಂತ ಜಾಸ್ತಿ ಜಾಗ ಆಗುತ್ತದೆ. ಹಿಂದೆ ಬರುವಷ್ಟರಲ್ಲಿ ಹೊಗೆ ತಣ್ಣಗಾಗಿ ಕುಗ್ಗಿಯೂ ಇರುತ್ತದೆ.

ಅಳತೆಗಿಂತ ಬಾಗಿಸಿದ ರೀತಿ ನೋಡಿ. ಮ್ಯಾಂಡ್ರೆಲ್ ಬೆಂಡ್ ಅಂದರೆ ಒಳಗೆ ಆಧಾರ ಕೊಟ್ಟು ಬಾಗಿಸಿದ್ದು, ತಿರುವಿನಲ್ಲೂ ಪೈಪು ಗುಂಡಗೇ ಇರುತ್ತದೆ. ಪ್ರೆಸ್ ಬೆಂಡ್‌ನಲ್ಲಿ ತಿರುವು ಚಪ್ಪಟೆ, ಸುಕ್ಕು. 3 ಇಂಚು ಅಂತ ದುಡ್ಡು ಕೊಟ್ಟು, ತಿರುವಿನಲ್ಲಿ ಎರಡೂವರೆ ಪಡೆಯೋದು ಯಾಕೆ?

ಕ್ಯಾಟ್-ಬ್ಯಾಕ್ ಒಂದರಿಂದಲೇ ಗಾಡಿ ಹಾರುತ್ತದೆ ಅಂತ ಯಾರಾದರೂ ಹೇಳಿದರೆ ನಗುನಗುತ್ತಾ ಕೇಳಿಸಿಕೊಳ್ಳಿ. ಈಗಿನ ಪಿಕಪ್‌ಗಳ ಕಂಪನಿ ಪೈಪುಗಳು ಅಷ್ಟೇನೂ ಉಸಿರುಗಟ್ಟಿಸೋದಿಲ್ಲ. ಸಿಗೋ ಪವರ್ ಕಾಲಿಗೆ ಗೊತ್ತಾಗೋದು ಕಷ್ಟ. ಸದ್ದು ಜಾಸ್ತಿ ಆದಾಗ ಗಾಡಿ ಜೋರಾಗಿ ಓಡಿದ ಹಾಗೆ ಅನ್ನಿಸುತ್ತದೆ, ಅದು ಬೇರೆ ಮಾತು. ಮೈಲೇಜಂತೂ ಏರದು. ಹೊಸ ಸದ್ದು ಕೇಳೋ ಆಸೆಗೆ ಮೊದಲ ತಿಂಗಳು ಇಳಿದೇ ಇಳಿಯುತ್ತದೆ.

ಲೋಹ: ಜೇಬಿನಲ್ಲಿ ಅಯಸ್ಕಾಂತ ಇರಲಿ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ದೂರ ಓಡಿಸಿದರೆ ಪೈಪು ಕಾದು ಅದೆಲ್ಲ ಹೋಗಿಬಿಡುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸೋರ ಸೈಲೆನ್ಸರಿನಲ್ಲಿ ಅದು ನೀರಾಗಿ ನಿಲ್ಲುತ್ತದೆ. ಎಕ್ಸಾಸ್ಟ್ ಒಳಗಿನಿಂದಲೇ ತುಕ್ಕು ಹಿಡಿಯೋದು ಹೀಗೆ. ಕಂಪನಿ ಸೈಲೆನ್ಸರಿನ ಕೆಳಗೆ ಸಣ್ಣ ತೂತು ಇದ್ದರೆ ಲೀಕ್ ಅಂತ ಮುಚ್ಚಬೇಡಿ, ನೀರು ಇಳಿಯಲಿ ಅಂತ ಅವರೇ ಬಿಟ್ಟಿರೋದು.

ಅಲ್ಯೂಮಿನೈಸ್ಡ್ ಸ್ಟೀಲ್ ಅಂದರೆ ಮಾಮೂಲಿ ಸ್ಟೀಲಿಗೆ ಅಲ್ಯೂಮಿನಿಯಂ-ಸಿಲಿಕಾನ್ ಲೇಪ. ಬೆಲೆ ಕಡಿಮೆ. ವೆಲ್ಡಿಂಗ್ ಮಾಡಿದ ಕಡೆ ಲೇಪ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದ ಶುರು. 409 ಸ್ಟೇನ್‌ಲೆಸ್‌ನಲ್ಲಿ ಸುಮಾರು ಶೇ 11 ಕ್ರೋಮಿಯಂ. ಮೇಲೆ ಕಂದು ಬಣ್ಣ ಬರುತ್ತದೆ, ಆದರೆ ಬೇಗ ತೂತು ಬೀಳದು. ಹೆಚ್ಚಿನ ಗಾಡಿ ಕಂಪನಿಗಳು ಬಳಸೋದೂ ಈ ಜಾತಿಯದ್ದೇ. 304ರಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್. ಹೊಳಪು ಉಳಿಯುತ್ತದೆ, ಕಾದ ಕಡೆ ಹೊಂಬಣ್ಣ, ನೀಲಿ ಮೂಡುತ್ತದೆ. ಕೆಲವು ಕಂಪನಿಗಳು ಒಂದೇ ಆಕಾರದ ಕಿಟ್ಟನ್ನು ಮೂರೂ ಲೋಹದಲ್ಲಿ ಕೊಡುತ್ತವೆ. ಎಂಬಿಆರ್‌ಪಿ ಕಂಪನಿಯ ಹಳೆಯ ಹೆಸರುಗಳಲ್ಲಿ ಇನ್‌ಸ್ಟಾಲರ್ ಅಂದರೆ ಅಲ್ಯೂಮಿನೈಸ್ಡ್, ಎಕ್ಸ್‌ಪಿ ಅಂದರೆ 409, ಪ್ರೊ ಅಂದರೆ 304 ಆಗಿತ್ತು.

ಬರೀ "ಸ್ಟೇನ್‌ಲೆಸ್" ಅಂತ ಬರೆದಿದ್ದರೆ ಅಯಸ್ಕಾಂತ ಹಿಡಿಯಿರಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟದು, ಬಾಗಿಸಿದ ಕಡೆ ಮಾತ್ರ ಸ್ವಲ್ಪ ಎಳೆದ ಹಾಗೆ ಅನ್ನಿಸಬಹುದು. ಕೆಲವು ಕಿಟ್‌ಗಳಲ್ಲಿ ಕಣ್ಣಿಗೆ ಕಾಣೋ ಟಿಪ್ ಮಾತ್ರ 304. ಸಮುದ್ರದ ಗಾಳಿ ಇರೋ ಕಡೆ ಅಥವಾ ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯೋ ಕಡೆ ಓಡಿಸೋರಾದರೆ 304ಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಒಣ ಹವೆ, ದೂರದ ಓಟ, ಐದಾರು ವರ್ಷಕ್ಕೆ ಗಾಡಿ ಮಾರೋ ಯೋಚನೆ ಇದ್ದರೆ 409 ಧಾರಾಳ ಸಾಕು. ಉಳಿದ ದುಡ್ಡನ್ನು ಒಳ್ಳೆಯ ಸೈಲೆನ್ಸರಿಗೆ ಹಾಕಿ.

ಬಾಯಿ ಎಲ್ಲಿಗೆ ತೆರೆಯಬೇಕು

ಹಿಂದೆ ಒಂದು, ಹಿಂದೆ ಎರಡು, ಟೈರಿನ ಹಿಂದೆ ಪಕ್ಕಕ್ಕೆ, ಟೈರಿನ ಮುಂದೆ ಪಕ್ಕಕ್ಕೆ, ಬಾಡಿ ಕೆಳಗೇ ನೆಲಕ್ಕೆ. ಕೊನೆಯ ಎರಡನ್ನು ನಾನು ಒಪ್ಪೋದಿಲ್ಲ. ಸದ್ದು ನೆಲಕ್ಕೆ ಬಡಿದು ನೇರ ಕ್ಯಾಬಿನ್ನಿಗೇ ಬರುತ್ತದೆ. ಅದಕ್ಕಿಂತ ಮುಖ್ಯ, ಗಾಡಿ ನಿಂತಾಗ ಹೊಗೆ ಕಿಟಕಿಯ ಕೆಳಗೇ ಏಳುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಿಂದೆ ಟಾಪ್ ಹಾಕಿ ನಾಯಿಯನ್ನೋ ಜನರನ್ನೋ ಕೂರಿಸೋರಂತೂ ಪೈಪಿನ ಬಾಯಿ ಬಾಡಿಯ ಅಂಚು ದಾಟಿ ಹೊರಗಿರೋ ಹಾಗೆ ನೋಡಿಕೊಳ್ಳಲೇಬೇಕು.

ಟ್ರೈಲರ್ ಎಳೆಯೋರು ಇನ್ನೊಂದು ನೋಡಿ, ಹಿಚ್ (ಟ್ರೈಲರ್ ಸಿಕ್ಕಿಸೋ ಕೊಂಡಿ) ಪಕ್ಕದ ವೈರಿಂಗ್ ಪ್ಲಗ್ಗಿಗೆ ಬಿಸಿ ಹೊಗೆ ಬಡಿದರೆ ಅದು ಕರಗುತ್ತದೆ. ಕಾಡುಮೇಡು ಹತ್ತೋರಿಗೆ ಒಂಟಿ ಪೈಪು, ಎತ್ತರಕ್ಕೆ ಕಟ್ಟಿದ್ದು, ಚಿಕ್ಕ ಟಿಪ್. ದೊಡ್ಡ ಜೋಡಿ ಟಿಪ್ ಮೊದಲ ಬಂಡೆಗೇ ಚಪ್ಪಟೆಯಾಗುತ್ತದೆ.

ಡೀಸೆಲ್ ಗಾಡಿಯಾದರೆ

ಆಯ್ಕೆ ಇಲ್ಲಿ ಸಣ್ಣದು. ಈಗಿನ ಡೀಸೆಲ್ ಪಿಕಪ್‌ನಲ್ಲಿ ಮಸಿ ಹಿಡಿಯೋ ಡಿಪಿಎಫ್, ಯೂರಿಯಾ ದ್ರಾವಣದಿಂದ ನೈಟ್ರೋಜನ್ ಆಕ್ಸೈಡ್ ತಗ್ಗಿಸೋ ಎಸ್‌ಸಿಆರ್ ಎಲ್ಲ ಸಾಲಾಗಿರುತ್ತವೆ, ಜೊತೆಗೆ ಸೆನ್ಸರ್‌ಗಳ ಹಿಂಡು. ಮುಟ್ಟಬಹುದಾದದ್ದು ಇವೆಲ್ಲ ಮುಗಿದ ಮೇಲಿನ ಪೈಪು ಮಾತ್ರ, ಅಂದರೆ ಡಿಪಿಎಫ್-ಬ್ಯಾಕ್ ಕಿಟ್. ಟರ್ಬೊ, ಡಿಪಿಎಫ್ ಎರಡೂ ಸದ್ದನ್ನು ಮೊದಲೇ ನುಂಗಿರೋದರಿಂದ ದನಿ ಸ್ವಲ್ಪ ಗಟ್ಟಿಯಾಗುತ್ತದೆ ಅಷ್ಟೇ. ಡಿಪಿಎಫ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ ಒಳಗೆ 600 ಡಿಗ್ರಿ ಹತ್ತಿರ ಹೋಗುತ್ತದೆ. ಕೆಲವು ಕಂಪನಿ ಟಿಪ್‌ಗಳಲ್ಲಿ ಹೊರಗಿನ ಗಾಳಿ ಬೆರೆಸಿ ಹೊಗೆಯನ್ನು ತಣಿಸೋ ಸೀಳುಗಳಿರೋದು ಇದಕ್ಕೇ. ಹೊಸ ಟಿಪ್‌ನಲ್ಲಿ ಅದು ಇಲ್ಲದಿದ್ದರೆ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸೋವಾಗ ಎಚ್ಚರ.

ಕಿಟ್ ತರಿಸೋದಾ, ಮಾಡಿಸೋದಾ?

ನಿಮ್ಮ ಗಾಡಿಗಂತಲೇ ಮಾಡಿದ ಬೋಲ್ಟ್-ಆನ್ ಕಿಟ್ ಸಿಕ್ಕರೆ ಅದೇ ಸುಲಭ. ಆಕ್ಸಲ್ ಮೇಲಿನ ತಿರುವು, ಪೈಪನ್ನು ತೂಗುಹಾಕೋ ಹ್ಯಾಂಗರ್ ಕಡ್ಡಿಗಳ ಜಾಗ ಎಲ್ಲ ಮೊದಲೇ ಸರಿ ಇರುತ್ತವೆ. ವಿಶ್ವಸಂಸ್ಥೆಯ ನಿಯಮ 59ರ ಪ್ರಕಾರ ಒಪ್ಪಿಗೆ ಪಡೆದ ಬದಲಿ ಸೈಲೆನ್ಸರಿನ ಮೇಲೆ ಇ ಅಕ್ಷರದ ಗುರುತಿರುತ್ತದೆ. ಅದನ್ನು ಒಪ್ಪೋ ದೇಶಗಳಲ್ಲಿ ತಪಾಸಣೆಯ ತಲೆನೋವು ಕಡಿಮೆ. ಕಿಟ್ ಸಿಗದ ಗಾಡಿಗೆ, ಅಥವಾ ನನ್ನ ಹಾಗೆ ಎಲ್ಲಿಗೂ ಹೋಗದ ಪೈಪು ಬೇಕಾದವರಿಗೆ, ಕೈಪಳಗಿದ ವೆಲ್ಡರೇ ಗತಿ. ಅವರು ಮೊದಲು ಮಾಡಿದ ಕೆಲಸದ ತಿರುವುಗಳನ್ನು, ಬೆಸುಗೆಯನ್ನು ಕಣ್ಣಾರೆ ನೋಡಿ ಮಾತಾಡಿ.

ಮನೆಯಲ್ಲೇ ಕೂರಿಸೋರಿಗೆ ನಾಲ್ಕು ಮಾತು. ಹಳೆಯ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಡಿ. ಹ್ಯಾಂಗರ್ ರಬ್ಬರ್ ಹೊರಗೆ ಬರದೆ ಸತಾಯಿಸಿದರೆ ಸೋಪಿನ ನೀರು ಹಾಕಿ ತಿರುಗಿಸುತ್ತಾ ಎಳೆಯಿರಿ. ಎಲ್ಲ ಜೋಡಿಸೋವರೆಗೆ ಯಾವ ಕ್ಲಾಂಪನ್ನೂ ಪೂರ್ತಿ ಬಿಗಿ ಮಾಡಬೇಡಿ. ಬಿಗಿ ಮಾಡೋ ಮೊದಲು ಸ್ಟೆಪ್ನಿ ಟೈರನ್ನು ಕೆಳಗಿಳಿಸಿ ನೋಡಿ. ಇಲ್ಲದಿದ್ದರೆ, ಹೊಸ ಪೈಪು ಅದಕ್ಕೆ ಅಡ್ಡ ಬಂದಿದ್ದರೆ ಗೊತ್ತಾಗೋದು ಪಂಕ್ಚರ್ ಆದ ರಾತ್ರಿ. ಯು-ಬೋಲ್ಟ್ ಕ್ಲಾಂಪ್ ಪೈಪನ್ನು ಹಿಸುಕಿ ಗುರುತು ಮಾಡುತ್ತದೆ, ಮುಂದೆ ಬಿಚ್ಚೋದು ಕಷ್ಟ. ಅಗಲ ಪಟ್ಟಿಯ ಬ್ಯಾಂಡ್ ಕ್ಲಾಂಪ್ ಒಳ್ಳೆಯದು.

ಸ್ಟಾರ್ಟ್ ಮಾಡೋ ಮೊದಲು ಸ್ಟೇನ್‌ಲೆಸ್ ಪೈಪನ್ನು ಸ್ಪಿರಿಟ್‌ನಲ್ಲಿ ಒರೆಸಿ. ಇಲ್ಲದಿದ್ದರೆ ನಿಮ್ಮ ಬೆರಳ ಗುರುತು ಬೆಂದು ಹಾಗೇ ಅಚ್ಚೊತ್ತುತ್ತದೆ. ನನ್ನ ಗಾಡಿಯ ಟಿಪ್ ಮೇಲೆ ಬಲಗೈ ಹೆಬ್ಬೆರಳು ಈಗಲೂ ಇದೆ. ಮೊದಲ ಅರ್ಧ ಗಂಟೆ ಸ್ವಲ್ಪ ಹೊಗೆ, ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಹೆದರಬೇಡಿ. ನೂರು ಕಿಲೋಮೀಟರ್ ಓಡಿದ ಮೇಲೆ, ಪೂರ್ತಿ ಆರಿದಾಗ, ಕ್ಲಾಂಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಬಿಚ್ಚಿದ ಕಂಪನಿ ಸೈಲೆನ್ಸರನ್ನು ಮಾತ್ರ ಗುಜರಿಗೆ ಹಾಕಬೇಡಿ. ಗಾಡಿ ಮಾರೋ ದಿನ ಬೇಕಾಗುತ್ತದೆ, ಅಥವಾ ನಾಲ್ಕನೇ ದಿನ.